ಪೆಂಗ್ವಿನ್ ಚಿತ್ರಕ್ಕಾಗಿ ಪುಂಟಾ ಟೊಂಬೊಗೆ ಹೋಗುವವರು ದೊಡ್ಡ ಲೆನ್ಸ್ ಕೊಳ್ಳಬೇಕೇ?

ದರೋಜಿ ಕರಡಿಧಾಮದಲ್ಲಿ ಚಿತ್ರ ತೆಗೆದ ಅನುಭವವಷ್ಟೇ ಇರುವ ತಾವು, ಅರ್ಜೆಂಟೀನಾದ ಪುಂಟಾ ಟೊಂಬೊ ರಕ್ಷಿತ ಪ್ರದೇಶಕ್ಕೆ ಯಾವ ತಿಂಗಳಲ್ಲಿ ಹೋಗಬೇಕು, ಅದಕ್ಕೆಂದು ದೂರದ್ದನ್ನು ಹತ್ತಿರಕ್ಕೆ ತರುವ 600 ಮಿ.ಮೀ. ಲೆನ್ಸ್ ಕೊಳ್ಳಬೇಕೇ ಎಂದು ಕೇಳಿದ್ದೀರಿ. ನಾನೂ ಬಳ್ಳಾರಿಯವನೇ, ಒಂದು ನವೆಂಬರ್ ಕೊನೆಯಲ್ಲಿ ಅಲ್ಲಿ ಎರಡು ದಿನ ಚಿತ್ರ ತೆಗೆದಿದ್ದೇನೆ. ಲೆನ್ಸ್ ಕೊಳ್ಳಬೇಡಿ, ಆ ಹಣದಲ್ಲಿ ಇನ್ನೆರಡು ದಿನ ಹೆಚ್ಚು ಉಳಿಯಿರಿ.

ಪೆಂಗ್ವಿನ್ ಎಂದೊಡನೆ ನಮಗೆ ಹಿಮ ನೆನಪಾಗುತ್ತದೆ. ಆದರೆ ಟ್ರೆಲೆವ್ ಪಟ್ಟಣದಿಂದ ದಕ್ಷಿಣಕ್ಕೆ ಸುಮಾರು 110 ಕಿ.ಮೀ. ಸಾಗಿ, ಕೊನೆಯ ಹಾದಿಯಲ್ಲಿ ಧೂಳೆಬ್ಬಿಸುತ್ತ ಅಟ್ಲಾಂಟಿಕ್ ತೀರ ತಲುಪಿದಾಗ ನನಗೆ ಕಂಡದ್ದು ನಮ್ಮ ಕುರುಚಲು ಕಾಡಿನಂಥದೇ ಒಣ ನೆಲ, ಮುಳ್ಳುಪೊದೆ, ಮತ್ತು ಪೊದೆಗಳ ಬುಡದಲ್ಲಿ ಬಿಲ ತೋಡಿಕೊಂಡು ಕುಳಿತ ಹಕ್ಕಿಗಳು. 2019ರ ಜನವರಿಯಲ್ಲಿ ಒಂದು ದಿನ ಅಲ್ಲಿ ನೆರಳಿನಲ್ಲೇ 44 ಡಿಗ್ರಿ ಬಿಸಿಲೇರಿ 350ಕ್ಕೂ ಹೆಚ್ಚು ಪೆಂಗ್ವಿನ್‌ಗಳು ಸತ್ತವು. ನಮ್ಮ ಬಳ್ಳಾರಿಯ ಮೇ ತಿಂಗಳಲ್ಲೂ ಅಪರೂಪವಾದ ಆ ಬಿಸಿಲು, ತಣ್ಣೀರಿಗೆ ಹೊಂದಿಕೊಂಡ ಆ ಹಕ್ಕಿಗೆ ಮರಣಾಂತಿಕ.

ಎದೆಯ ಮೇಲೆ ಎರಡು ಕಪ್ಪು ಪಟ್ಟಿಗಳಿರುವ ಇವು ಮೆಗೆಲ್ಲಾನಿಕ್ ಪೆಂಗ್ವಿನ್‌ಗಳು. ಸೆಪ್ಟೆಂಬರಿನಲ್ಲಿ ಗಂಡುಗಳು ಮೊದಲು ಬಂದು ಹಳೆಯ ಗೂಡು ಹಿಡಿಯುತ್ತವೆ, ಅಕ್ಟೋಬರಿನಲ್ಲಿ ಎರಡೆರಡು ಮೊಟ್ಟೆ, ನವೆಂಬರ್ ನಡುವಿನಿಂದ ಮರಿ; ಏಪ್ರಿಲ್ ಮುಗಿಯುವಷ್ಟರಲ್ಲಿ ತೀರ ಖಾಲಿ. ತಂದೆತಾಯಿ ಮರಿಗಳಿಗಾಗಿ ಸಮುದ್ರಕ್ಕೂ ಗೂಡಿಗೂ ಓಡಾಡುವ ಡಿಸೆಂಬರನ್ನೇ ನಾನು ಸೂಚಿಸುತ್ತೇನೆ.

ದರೋಜಿಯಲ್ಲಿ ಬಂಡೆಗೆ ಬೆಲ್ಲದ ಪಾಕ ಬಳಿದಿರುತ್ತಾರೆ, ನಾವು ದೂರದ ಗೋಪುರದಲ್ಲಿ ಕಾಯುತ್ತೇವೆ. ಪುಂಟಾ ಟೊಂಬೊದಲ್ಲಿ ಅದಕ್ಕೆ ತದ್ವಿರುದ್ಧ. ಗುರುತಿಸಿದ ಕಾಲುದಾರಿ ಬಿಟ್ಟು ತಾವು ಕದಲುವಂತಿಲ್ಲ, ಹಕ್ಕಿಯೇ ಆ ದಾರಿಯನ್ನು ದಾಟಿಕೊಂಡು ಬರುತ್ತದೆ, ಮತ್ತು ದಾರಿ ಬಿಡಬೇಕಾದವರು ನಾವು. ಹೀಗೆ ಎರಡು ಮಾರು ದೂರದಲ್ಲಿ ನಿಂತ ಹಕ್ಕಿಗೆ ಹಿಡಿದರೆ ಹಲವು 600 ಮಿ.ಮೀ. ಲೆನ್ಸ್‌ಗಳಲ್ಲಿ ಫೋಕಸ್ಸೇ ಕೂರುವುದಿಲ್ಲ! ನನ್ನ ಬಹುಪಾಲು ಒಳ್ಳೆಯ ಚಿತ್ರಗಳು ಅದಕ್ಕಿಂತ ಚಿಕ್ಕದಾದ 70-200 ಮಿ.ಮೀ. ಲೆನ್ಸಿನವು, ಅವೂ ಕುಕ್ಕರಗಾಲಿನಲ್ಲಿ ಕುಳಿತು ಹಕ್ಕಿಯ ಕಣ್ಣಿನ ಮಟ್ಟಕ್ಕೆ ಕ್ಯಾಮೆರಾ ಇಳಿಸಿದ ಮೇಲೆ ಬಂದವು. ಮೊದಲ ದಿನವೆಲ್ಲ ನಿಂತೇ ತೆಗೆದು, ನೆತ್ತಿಗಳನ್ನಷ್ಟೇ ಸಂಗ್ರಹಿಸಿದ್ದೆ. ಹಕ್ಕಿಯು ಒಂದು ಕಣ್ಣಿನಿಂದ, ಮತ್ತೆ ಇನ್ನೊಂದು ಕಣ್ಣಿನಿಂದ ನೋಡುತ್ತ ತಲೆಯನ್ನು ಅತ್ತಿತ್ತ ಹೊರಳಿಸತೊಡಗಿದರೆ ಅದು ನಾಟ್ಯವಲ್ಲ, ಎಚ್ಚರಿಕೆ. ಕ್ಯಾಮೆರಾ ಕೆಳಗಿಳಿಸಿ ಹಿಂದೆ ಸರಿಯಿರಿ.

ತೀರವು ಪೂರ್ವಕ್ಕೆ ಮುಖ ಮಾಡಿರುವುದರಿಂದ, ನೀರಿನಿಂದೇಳುವ ಹಕ್ಕಿಗಳ ಎದೆ-ಮುಖದ ಮೇಲೆ ಮಧ್ಯಾಹ್ನದ ನಂತರವೇ ಬೆಳಕು ಬೀಳುತ್ತದೆ. ಬಿಳಿ ಎದೆಯ ಗರಿಗಳ ವಿವರ ಉಳಿಯಬೇಕಾದರೆ ಎಕ್ಸ್‌ಪೋಷರನ್ನು, ಅಂದರೆ ಕ್ಯಾಮೆರಾ ಒಳಗೆ ಬಿಡುವ ಬೆಳಕನ್ನು, ಅರ್ಧದಿಂದ ಒಂದು ಸ್ಟಾಪ್ ಇಳಿಸಬೇಕು (ಒಂದು ಸ್ಟಾಪ್ ಇಳಿಸಿದರೆ ಬೆಳಕು ಅರ್ಧಕ್ಕಿಳಿಯುತ್ತದೆ). ಕಪ್ಪು ಬೆನ್ನನ್ನು ಆಮೇಲೆ ಕಂಪ್ಯೂಟರಿನಲ್ಲಿ ತಿಳಿಗೊಳಿಸಬಹುದು. ಪುಂಟಾ ಟೊಂಬೊ ಇರುವ ದಕ್ಷಿಣದ ಪ್ಯಾಟಗೋನಿಯಾ ಪ್ರದೇಶದಲ್ಲಿ ಗಾಳಿ ಬಿಡದೆ ಬೀಸುತ್ತದೆಯಾದ್ದರಿಂದ ಬಯಲಿನಲ್ಲಿ ಲೆನ್ಸ್ ಬದಲಿಸಲು ಹೋಗಬೇಡಿ. ನಾನು ಒಮ್ಮೆ ಬದಲಿಸಿ, ಸೆನ್ಸರಿನ (ಕ್ಯಾಮೆರಾದೊಳಗೆ ಚಿತ್ರ ಹಿಡಿಯುವ ಫಲಕದ) ಮೇಲೆ ಕುಳಿತ ಧೂಳಿನ ಚುಕ್ಕೆಗಳನ್ನು ಊರಿಗೆ ಬಂದು ಇನ್ನೂರು ಚಿತ್ರಗಳಲ್ಲಿ ಒಂದೊಂದಾಗಿ ಅಳಿಸಿದ್ದೇನೆ.