ಮಂಡಿ ಸವೆತಕ್ಕೆ ಬಿಪಿಸಿ-157 ತಗೋಬಹುದಾ?

ಬಿಪಿಸಿ-157 ಇಂಜೆಕ್ಷನ್ ತಗೊಂಡ್ರೆ ಮಂಡೀಲಿ ಸವೆದಿರೋ ಕಾರ್ಟಿಲೇಜ್ (ಕೀಲಲ್ಲಿ ಮೂಳೆ ತುದಿ ಮೇಲಿರೋ ನುಣುಪಾದ ಮೆತ್ತೆ) ಮತ್ತೆ ಬೆಳೆಯುತ್ತಾ ಅಂತ ಕೇಳಿದೀರಲ್ಲ, ದಯವಿಟ್ಟು ಸದ್ಯಕ್ಕೆ ಬೇಡ. ಅದು ಪ್ರೋಟೀನ್ ಕಟ್ಟೋ ಅಮೈನೋ ಆಸಿಡ್‌ಗಳು 15 ಸೇರಿರೋ ಪುಟ್ಟ ಸರಪಳಿ, ಪ್ರಯೋಗ ಆಗಿರೋದು ಬಹುಪಾಲು ಇಲಿಗಳ ಮೇಲೆ, ಅದ್ರಲ್ಲೂ ಹೆಚ್ಚಿನವು ಕತ್ತರಿಸಿದ ಟೆಂಡನ್ (ಸ್ನಾಯೂನ ಮೂಳೆಗೆ ಕಟ್ಟೋ ಪಟ್ಟಿ), ಲಿಗಮೆಂಟ್ (ಮೂಳೆಗೆ ಮೂಳೆ ಕಟ್ಟೋ ಪಟ್ಟಿ) ಕೂಡಿಕೊಳ್ಳುತ್ತಾ ಅಂತ ನೋಡಿದ್ದು, ಹೊಸ ರಕ್ತನಾಳ ಬೆಳೆಸಿ ಗಾಯ ಮಾಯಿಸುತ್ತೆ ಅನ್ನೋದು ವಾದ, ಆದ್ರೆ ಆರೋಗ್ಯವಾಗಿರೋ ಕಾರ್ಟಿಲೇಜ್‌ನಲ್ಲಿ ರಕ್ತನಾಳಾನೇ ಇರಲ್ಲ, ಹಾಗಾಗಿ ಆ ರಿಸಲ್ಟ್ ತಂದು ಇಲ್ಲಿಗೆ ಅಂಟಿಸೋಕಾಗಲ್ಲ. ಮನುಷ್ಯರ ಮಂಡಿಗೆ ಕೊಟ್ಟು ನೋಡಿದ 2021ರ ವರದೀಲಿ ಇದ್ದಿದ್ದು ಬೆರಳೆಣಿಕೆ ಜನ, ಹೋಲಿಸೋಕೆ ಪ್ಲಸೀಬೊ (ಔಷಧಿ ಇಲ್ಲದ ನಕಲಿ ಇಂಜೆಕ್ಷನ್) ಗುಂಪೂ ಇಲ್ಲ, ನೋಡಿದ್ದೂ ನೋವನ್ನಷ್ಟೇ. ನೋವು ಕಮ್ಮಿಯಾಗೋದೇ ಬೇರೆ, ಕಾರ್ಟಿಲೇಜ್ ಬೆಳೆಯೋದೇ ಬೇರೆ. ಸ್ಪರ್ಧೆಗಳಲ್ಲಿ ಆಡೋರಾದ್ರೆ, 2022ರಿಂದ ವಾಡಾ (ಕ್ರೀಡೆಯಲ್ಲಿ ಉದ್ದೀಪನ ಮದ್ದು ತಡೆಯೋ ವಿಶ್ವ ಸಂಸ್ಥೆ) ನಿಷೇಧ ಇದೆ. ‘ರಿಸರ್ಚ್‌ಗೆ ಮಾತ್ರ’ ಅಂತ ಲೇಬಲ್ ಇರೋ ಸೀಸೆಯದನ್ನಂತೂ ಕೀಲೊಳಗೆ ಚುಚ್ಚಿಸ್ಕೋಬೇಡಿ, ಸೋಂಕಾದ್ರೆ ಉಳಿದಿರೋ ಕಾರ್ಟಿಲೇಜೂ ಕೆಲವೇ ದಿನದಲ್ಲಿ ಹಾಳಾಗಬಹುದು.