ಕಂಪ್ಯೂಟರ್ ಪ್ರಶ್ನೋತ್ತರ: ಎರಡು ಡಿಸ್ಕ್ ಹಾಕಿದರೆ ಫೋಟೊ ಉಳಿಯುತ್ತವಾ?

ಪ್ರಶ್ನೆ: ನಾನು ನಿವೃತ್ತ ಶಿಕ್ಷಕ. ನಮ್ಮ ಹಳೆ ಮನೆ ಆಲಮಟ್ಟಿ ಹಿನ್ನೀರಿನಲ್ಲಿ ಮುಳುಗಡೆ ಆಯಿತು. ಆ ಮನೆ, ಓಣಿಯ ಫೋಟೊಗಳನ್ನೆಲ್ಲ ಸ್ಕ್ಯಾನ್ ಮಾಡಿ ಕಂಪ್ಯೂಟರಿನಲ್ಲಿ ಇಟ್ಟಿದ್ದೇನೆ. ಮೂಲ ಫೋಟೊಗಳನ್ನು ಗೆದ್ದಲು ತಿಂದಿದೆ. ಒಟ್ಟು 300 ಜಿಬಿ. ಹಾರ್ಡ್‌ಡಿಸ್ಕ್ 9 ವರ್ಷದ್ದು, ಈಚೆಗೆ ಟಕ್ ಟಕ್ ಅನ್ನುತ್ತದೆ. ‘ಎರಡು ಎಸ್‌ಎಸ್‌ಡಿ (ತಟ್ಟೆ ತಿರುಗದ, ಚಿಪ್‌ಗಳಲ್ಲಿ ಬರೆಯುವ ಡಿಸ್ಕ್) ಹಾಕಿ ರೇಡ್ ಮಾಡಿಕೊಡುತ್ತೇವೆ, ಒಂದು ಹೋದರೂ ಇನ್ನೊಂದು ಇರುತ್ತೆ’ ಎನ್ನುತ್ತಾರೆ ಅಂಗಡಿಯವರು. ಬೆಳಗಾವಿಯಲ್ಲಿರುವ ಮಗಳು ನಿಮ್ಮನ್ನು ಕೇಳಲು ಹೇಳಿದಳು. ಹಾಕಿಸಲೇ?
— ಓದುಗರು, ನವನಗರ, ಬಾಗಲಕೋಟೆ

ಉತ್ತರ: ಸರ್, ಇದನ್ನು ಓದುವಾಗ ಆ ಕಂಪ್ಯೂಟರ್ ಚಾಲೂ ಇದ್ದರೆ ಮೊದಲು ಶಟ್‌ಡೌನ್ ಮಾಡಿ ಬನ್ನಿ. ಹಾರ್ಡ್‌ಡಿಸ್ಕಿನ ಒಳಗೆ ತಟ್ಟೆಗಳು ನಿಮಿಷಕ್ಕೆ 5,400 ಇಲ್ಲವೇ 7,200 ಸುತ್ತು ತಿರುಗುತ್ತಿರುತ್ತವೆ. ಓದುವ ಹೆಡ್ ಅದಕ್ಕೆ ತಾಗದಂತೆ, ಕೂದಲೆಳೆಯೂ ತೂರದಷ್ಟು ಸಂದಿಯಲ್ಲಿ ಓಡಾಡುತ್ತದೆ. ಟಕ್ ಟಕ್ ಸದ್ದು ಬಂತೆಂದರೆ ಬಹಳ ಸಲ ಆ ಹೆಡ್ ದಾರಿ ಸಿಗದೆ ಮತ್ತೆ ಮತ್ತೆ ಹಿಂದಕ್ಕೆ ಬಂದು ಹುಡುಕುತ್ತಿದೆ ಎಂದೇ ಅರ್ಥ. ಯಾರಾದರೂ ಚೆಕ್‌ಡಿಸ್ಕ್ (ಡಿಸ್ಕಿನ ದೋಷ ಹುಡುಕುವ ವಿಂಡೋಸ್ ಪ್ರೋಗ್ರಾಂ) ಓಡಿಸೋಣ ಅಂದರೆ ಬೇಡ ಅನ್ನಿ. ಸೋತ ಎತ್ತನ್ನು ಮತ್ತೆ ಗಳೆಗೆ ಹೂಡಿದ ಹಾಗೆ ಅದು.

ಇನ್ನು ಆ ಡಿಸ್ಕ್ ಚಾಲೂ ಮಾಡುವುದು ಕಾಪಿ ಮಾಡಲಿಕ್ಕೆ ಮಾತ್ರ. 2 ಟಿಬಿ ಎಕ್ಸ್‌ಟರ್ನಲ್ ಹಾರ್ಡ್‌ಡಿಸ್ಕ್ ತಂದು ಕೈಯಲ್ಲಿ ಇಟ್ಟುಕೊಂಡೇ ಕೂತುಕೊಳ್ಳಿ. ಮುಳುಗಡೆ ಮನೆಯ ಫೋಲ್ಡರ್ ಮೊದಲು. ಸಿನಿಮಾ, ಹಾಡು ಉಳಿದರೆ ಉಳಿಯಲಿ. ಡಿಸ್ಕೇ ಕಾಣಿಸದಿದ್ದರೆ ಡೇಟಾ ರಿಕವರಿ ಮಾಡುವವರ ಹತ್ತಿರ ಹೋಗಬೇಕು, ಖರ್ಚು ಜಾಸ್ತಿ. ಸುಮ್ನೆ ಬಿಚ್ಚಿ ನೋಡುತ್ತೇವೆ ಅನ್ನುವವರ ಕೈಗೆ ಮಾತ್ರ ಕೊಡಬೇಡಿ.

ಈಗ ರೇಡ್. ಅಂಗಡಿಯವರು ಹೇಳಿದ್ದು ಸುಳ್ಳಲ್ಲ, ಅರ್ಧ ಮಾತು. ರೇಡ್ 1 ಅಂದರೆ ಒಂದು ಡಿಸ್ಕಿಗೆ ಬರೆದದ್ದು ಅದೇ ಕ್ಷಣ ಇನ್ನೊಂದಕ್ಕೂ ಬೀಳುತ್ತದೆ. ನಮ್ಮ ವಿಜಯಪುರದ ಗೋಳಗುಮ್ಮಟ ಇದ್ದ ಹಾಗೆ. ಒಳ್ಳೆ ಮಾತು ಆಡಿ, ಬೈಗುಳ ಆಡಿ, ಅದು ಹಾಗೇ ತಿರುಗಿ ಹೇಳುತ್ತದೆ. ನಾನೂ ಹಿಂದೆ ಮನೆಯಲ್ಲಿ ಹೀಗೇ ಎರಡು ಡಿಸ್ಕ್ ಜೋಡಿಸಿ ಬೀಗುತ್ತಿದ್ದೆ. ತಂಗಿಯ ಮದುವೆ ಫೋಟೊ ಅದರಲ್ಲೇ ಇದ್ದವು. ಅವಳ ಮಗ ರಜೆಗೆ ಬಂದವನು ಗೇಮ್ ಹಾಕಲು ಜಾಗ ಸಾಲದು ಎಂದು ಆ ಫೋಲ್ಡರ್ ಹಿಡಿದು ಶಿಫ್ಟ್ ಡಿಲೀಟ್ ಒತ್ತಿದ. ಎರಡೂ ಡಿಸ್ಕ್ ಚೆನ್ನಾಗಿಯೇ ಇದ್ದವು. ಫೋಟೊ ಮಾತ್ರ ಎರಡರಲ್ಲೂ ಇರಲಿಲ್ಲ. ತಂಗಿ ಈಗಲೂ ಪಂಚಮಿಗೆ ಬಂದಾಗ ಆ ಮಾತು ತೆಗೆಯದೆ ಉಂಡಿ ಮುಟ್ಟುವುದಿಲ್ಲ.

ಅಲ್ಲದೆ ಎರಡು ಡಿಸ್ಕೂ ಒಂದೇ ಡಬ್ಬಿಯೊಳಗೆ, ಒಂದೇ ಎಸ್‌ಎಂಪಿಎಸ್‌ನಿಂದ (ಒಳಗೆಲ್ಲ ಕರೆಂಟ್ ಹಂಚುವ ಪೆಟ್ಟಿಗೆ) ಕರೆಂಟ್ ಕುಡಿಯುತ್ತವೆ. ಅದು ಸುಟ್ಟರೆ ಎರಡನ್ನೂ ಸುಟ್ಟೀತು. ಡಿಸ್ಕ್ ಕೆಟ್ಟರೂ ಕೆಲಸ ನಿಲ್ಲಬಾರದು ಅನ್ನುವ ಅಂಗಡಿ, ಆಫೀಸಿಗೆ ರೇಡ್ ಒಳ್ಳೆಯದು. ನಿಮಗೆ ಬೇಕಿರುವುದು ಬೇರೆ ಬೇರೆ ಕಡೆ ಇರುವ ಪ್ರತಿಗಳು.

ಹಾಗಾಗಿ ಒಂದೇ ಎಸ್‌ಎಸ್‌ಡಿ ಸಾಕು, 500 ಜಿಬಿಯದು, ವಿಂಡೋಸಿಗೆ. ನಿಮ್ಮದು ಹಳೆ ಮದರ್‌ಬೋರ್ಡ್, ಹೊಸ ಬಗೆಯ ಪಟ್ಟಿಯಂಥ ಎಸ್‌ಎಸ್‌ಡಿ ಚುಚ್ಚುವ ಎಂ.2 ಸ್ಲಾಟ್ ಇರಲಿಕ್ಕಿಲ್ಲ. 2.5 ಇಂಚಿನ ಸಾಟಾ (ಹಾರ್ಡ್‌ಡಿಸ್ಕಿನಂತೆಯೇ ಕೇಬಲ್‌ನಿಂದ ಜೋಡಿಸುವ) ಎಸ್‌ಎಸ್‌ಡಿ ಕೇಳಿ. ಸೆಕೆಂಡಿಗೆ 550 ಎಂಬಿ ತನಕ ಓದುತ್ತದೆ, ಹಾರ್ಡ್‌ಡಿಸ್ಕ್ 150ರ ಆಸುಪಾಸು. ಎಂ.2 ಸ್ಲಾಟಿಗೆ ಕೂರುವ ವೇಗದ ಎನ್‌ವಿಎಂಇ ಎಸ್‌ಎಸ್‌ಡಿ 3,500 ದಾಟುತ್ತದೆ, ನಿಜ. ಫೋಟೊ ನೋಡುವವರಿಗೆ ಆ ವ್ಯತ್ಯಾಸ ಗೊತ್ತೇ ಆಗುವುದಿಲ್ಲ, ಅಲ್ವಾ?

ಫೋಟೊಗಳಿಗೆ ಒಳಗೇ ಇನ್ನೊಂದು 2 ಟಿಬಿ ಹಾರ್ಡ್‌ಡಿಸ್ಕ್. ಸಿಎಂಆರ್, ಅಂದರೆ ಸಾಲುಗಳನ್ನು ಬಿಡಿಬಿಡಿಯಾಗಿ ಬರೆಯುವ ಬಗೆ, ಇದೆಯಾ ಎಂದು ಕೇಳಿ ತಗೊಳ್ಳಿ. ಎಸ್‌ಎಂಆರ್ ಡಿಸ್ಕಿನಲ್ಲಿ ಸಾಲುಗಳು ಮಾಳಿಗೆಯ ಹಂಚಿನಂತೆ ಒಂದರ ಮೇಲೊಂದು ಕೂತಿರುತ್ತವೆ. ಒಂದನ್ನು ಬದಲಿಸಲು ಪಕ್ಕದವನ್ನೂ ಎತ್ತಬೇಕು, ಬರೆಯುವಾಗ ತೆವಳುತ್ತದೆ.

ವಿಂಡೋಸ್ ಹಾಕುವಾಗ ಎಸ್‌ಎಸ್‌ಡಿ ಬಿಟ್ಟು ಬೇರೆ ಡಿಸ್ಕಿನ ಕೇಬಲ್ ಕಿತ್ತಿಡಲು ಹೇಳಿ. ಇಲ್ಲದಿದ್ದರೆ ಬೂಟ್ ಫೈಲುಗಳು ಒಮ್ಮೊಮ್ಮೆ ಇನ್ನೊಂದು ಡಿಸ್ಕಿಗೆ ಹೋಗಿ ಕೂರುತ್ತವೆ. ಮುಂದೆ ಅದನ್ನು ತೆಗೆದ ದಿನ ಕಂಪ್ಯೂಟರ್ ಏಳುವುದೇ ಇಲ್ಲ. ಇದಕ್ಕೇ ಅರ್ಧ ದಿನ ಕಳೆದುಕೊಂಡವರು ನನ್ನ ಬಳಿ ಎಷ್ಟು ಜನ ಬಂದಿದ್ದಾರೋ! ಒಂದು ಯುಪಿಎಸ್ ಇರಲಿ.

ಎಕ್ಸ್‌ಟರ್ನಲ್ ಡಿಸ್ಕನ್ನು ತಿಂಗಳಿಗೊಮ್ಮೆ ಹಚ್ಚಿ, ಹೊಸದನ್ನು ಕಾಪಿ ಮಾಡಿ, ಕಿತ್ತು ಅಲಮಾರಿಯಲ್ಲಿಡಿ. ಹಚ್ಚಿಯೇ ಬಿಟ್ಟರೆ ವೈರಸ್ ಬಂದಾಗ ಅದೂ ಹೋಗುತ್ತದೆ. ಇಂಥದ್ದೇ ಇನ್ನೊಂದು ಬೆಳಗಾವಿಯ ಮಗಳ ಮನೆಯಲ್ಲಿರಲಿ. ಹಬ್ಬಕ್ಕೆ ಬಂದಾಗ ಅದನ್ನು ತರಲಿ, ಹೋಗುವಾಗ ಹೊಸ ಪ್ರತಿ ಒಯ್ಯಲಿ. ಇವೆರಡಕ್ಕೂ ಹಾರ್ಡ್‌ಡಿಸ್ಕೇ ಇರಲಿ, ಕರೆಂಟಿಲ್ಲದೆ ವರ್ಷಗಟ್ಟಲೆ ಬಿದ್ದಿದ್ದರೆ ಎಸ್‌ಎಸ್‌ಡಿ ಬರೆದದ್ದನ್ನು ಮರೆಯಲೂಬಹುದು.

ಪ್ರಶ್ನೆ: 1 ಟಿಬಿ ಎಂದು ಕೊಂಡ ಡ್ರೈವ್ 931 ಜಿಬಿ ತೋರಿಸುತ್ತಿದೆ. ಮೋಸವೇ?
— ಓದುಗರು, ಗೋಕಾಕ

ಉತ್ತರ: ಇಲ್ಲ. ಕಂಪನಿ ಸಾವಿರದ ಲೆಕ್ಕ ಹಿಡಿಯುತ್ತದೆ, ವಿಂಡೋಸ್ 1,024ರ ಲೆಕ್ಕ. ಕಾಳು ಅಷ್ಟೇ, ಅಳೆಯುವ ಸೇರು ಬೇರೆ.

ಪ್ರಶ್ನೆ: ಕಾಪಿ ಮಾಡುವಾಗ ನಡುವೆಯೇ ಡಿಸ್ಕ್ ಮಾಯವಾಗುತ್ತದೆ. ಡಿಸ್ಕಿನ ಆರೋಗ್ಯ ತೋರಿಸುವ ಕ್ರಿಸ್ಟಲ್‌ಡಿಸ್ಕ್‌ಇನ್ಫೊ ಪ್ರೋಗ್ರಾಂನಲ್ಲಿ 05 ಮತ್ತು ಸಿ5 ಎಂಬ ಸಾಲುಗಳು ಸೊನ್ನೆ ಇವೆ, ಸಿ7 ಏರುತ್ತಿದೆ. ಹೊಸ ಡಿಸ್ಕ್ ಕೊಳ್ಳಬೇಕೇ?
— ಓದುಗರು, ಸಿಂದಗಿ

ಉತ್ತರ: ತಡೆಯಿರಿ. 05, ಸಿ5 ಏರಿದ್ದರೆ ತಟ್ಟೆಯೇ ಕೆಡುತ್ತಿದೆ ಅನ್ನಬಹುದಿತ್ತು. ಸಿ7 ಏರುವುದು ಡಿಸ್ಕಿಗೂ ಬೋರ್ಡಿಗೂ ನಡುವಿನ ಮಾತುಕತೆ ಕೆಟ್ಟಾಗ. ಮೊದಲು ಸಾಟಾ ಕೇಬಲ್ ಬದಲಿಸಿ, ಬೋರ್ಡಿನಲ್ಲಿ ಬೇರೆ ಸಾಕೆಟ್ಟಿಗೆ ಚುಚ್ಚಿ. ಬದಲಿಸಿದ ಮೇಲೂ ಆ ಅಂಕಿ ಇಳಿಯುವುದಿಲ್ಲ, ಹಳೆ ಬಾಕಿ ಅದು. ಇವತ್ತಿನ ಅಂಕಿಯನ್ನು ಚೀಟಿಯಲ್ಲಿ ಬರೆದು ಡಬ್ಬಿಗೆ ಅಂಟಿಸಿ, ಒಂದು ವಾರ ಬಿಟ್ಟು ನೋಡಿ. ಅಷ್ಟೇ ಇದ್ದರೆ ಡಿಸ್ಕಿನ ದುಡ್ಡು ಉಳಿಯಿತು.