ಹಳೆಯ ಕಂಪ್ಯೂಟರ್‌ಗೆ ವಿಂಡೋಸ್ 11 ಹಾಕಿಸಬಹುದೇ?

ಪ್ರಶ್ನೆ: ನಮ್ಮ ಮನೆಯಲ್ಲಿ 2014ರಲ್ಲಿ ಕೊಂಡ ಕಂಪ್ಯೂಟರ್ ಇದೆ: ನಾಲ್ಕನೇ ತಲೆಮಾರಿನ ಇಂಟೆಲ್ ಐ3 ಪ್ರೊಸೆಸರ್, 4 ಜಿಬಿ ರ‍್ಯಾಮ್, ಹಳೆಯ ಹಾರ್ಡ್ ಡಿಸ್ಕ್, ವಿಂಡೋಸ್ 10. ಬ್ಯಾಂಕ್ ವ್ಯವಹಾರವನ್ನು ಇದರಲ್ಲೇ ಮಾಡುತ್ತೇನೆ. ಹಲವು ವರ್ಷಗಳಿಂದ ‘ನುಡಿ’ ಎಂಬ ಕನ್ನಡ ತಂತ್ರಾಂಶದಲ್ಲಿ ಟೈಪ್ ಮಾಡಿದ ಬರಹಗಳೂ ಇದರಲ್ಲಿವೆ. ವಿಂಡೋಸ್ 11 ಇದಕ್ಕೆ ಹೊಂದುವುದಿಲ್ಲವೆಂಬ ಸೂಚನೆ ಬರುತ್ತಿದ್ದರೂ ಅಂಗಡಿಯವರು ಹೇಗಾದರೂ ಹಾಕಿಕೊಡುತ್ತೇವೆ ಎನ್ನುತ್ತಾರೆ. ಒಪ್ಪಬಹುದೇ?
– ನಿವೃತ್ತ ಶಿಕ್ಷಕರು, ಶಿವಮೊಗ್ಗ

ಉತ್ತರ: ದಯವಿಟ್ಟು ಒಪ್ಪಬೇಡಿ. ವಿಂಡೋಸ್ 11ಕ್ಕೆ ಇಂಟೆಲ್‌ನ ಎಂಟನೇ ತಲೆಮಾರಿನ ಅಥವಾ ಅದರ ನಂತರದ ಪ್ರೊಸೆಸರ್ ಮತ್ತು ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಬೇಕೆಂದು ಮೈಕ್ರೋಸಾಫ್ಟ್ ನಿಗದಿಪಡಿಸಿದೆ. ಆ ತಪಾಸಣೆಯನ್ನು ತಪ್ಪಿಸಿ ಅನುಸ್ಥಾಪಿಸಲು ಸಾಧ್ಯವಿದೆಯಾದರೂ, ಅಂಥ ಯಂತ್ರಕ್ಕೆ ಮುಂದಿನ ಅಪ್‌ಡೇಟ್‌ಗಳು ದೊರೆಯುವ ಖಾತರಿಯಿಲ್ಲ. ಬ್ಯಾಂಕ್ ವ್ಯವಹಾರ ನಡೆಸುವ ಕಂಪ್ಯೂಟರ್‌ಗೆ ಬೇಕಾದದ್ದು ಆ ಖಾತರಿಯೇ.

ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಗೃಹಬಳಕೆದಾರರಿಗೆ 2026ರ ಅಕ್ಟೋಬರ್ 13ರವರೆಗೆ ಭದ್ರತಾ ಅಪ್‌ಡೇಟ್ ನೀಡುವ ವಿಸ್ತರಣೆಯನ್ನು ಕಂಪನಿ ಪ್ರಕಟಿಸಿದ್ದು, ಸೆಟ್ಟಿಂಗ್ಸ್‌ನ ವಿಂಡೋಸ್ ಅಪ್‌ಡೇಟ್ ಪುಟದಲ್ಲಿ ಅದಕ್ಕೆ ನೋಂದಾಯಿಸಿಕೊಳ್ಳಬಹುದು. ಅದು ತಾತ್ಕಾಲಿಕ ಏರ್ಪಾಡು ಮಾತ್ರ.

ಆನಂತರಕ್ಕೆ ನಾನು ಸೂಚಿಸುವುದು ವಿಂಡೋಸ್ ಬದಲಿಗೆ ಬಳಸಬಹುದಾದ, ಉಚಿತವಾದ ಲಿನಕ್ಸ್ ಮಿಂಟ್ ಎಂಬ ಕಾರ್ಯಾಚರಣಾ ವ್ಯವಸ್ಥೆ. ನಿಮ್ಮ 4 ಜಿಬಿ ರ‍್ಯಾಮ್ ಅದಕ್ಕೆ ಸಾಲುತ್ತದೆ. ಹಾರ್ಡ್ ಡಿಸ್ಕ್ ಬದಲು ಅದಕ್ಕಿಂತ ವೇಗವಾದ ಸಂಗ್ರಹ ಸಾಧನವಾದ ಎಸ್‌ಎಸ್‌ಡಿ ಹಾಕಿಸಿದರೆ ವೇಗದಲ್ಲಿ ಆಗುವ ವ್ಯತ್ಯಾಸ ನಿಮಗೇ ಗೊತ್ತಾಗುತ್ತದೆ. ಪೆನ್‌ಡ್ರೈವ್‌ನಿಂದಲೇ ಮಿಂಟ್ ಅನ್ನು ಚಾಲನೆ ಮಾಡಿ, ವೈಫೈ, ಪ್ರಿಂಟರ್ ಹಾಗೂ ಕನ್ನಡ ಟೈಪಿಂಗ್ ಸರಿಯಿವೆಯೇ ಎಂದು ಮೊದಲು ನೋಡಿಕೊಳ್ಳಬಹುದು. ವಿಂಡೋಸ್‌ನಲ್ಲಿ ಮಾತ್ರ ನಡೆಯುವ ಲೆಕ್ಕಪತ್ರದ ತಂತ್ರಾಂಶವೇನಾದರೂ ನಿಮಗೆ ಅನಿವಾರ್ಯವಾಗಿದ್ದರೆ ಈ ದಾರಿ ಸಲ್ಲದು.

ನನಗೆ ಹೆಚ್ಚಿನ ಆತಂಕವಿರುವುದು ನಿಮ್ಮ ಬರಹಗಳ ಬಗ್ಗೆ. ಹಳೆಯ ನುಡಿ ಕಡತಗಳಲ್ಲಿ ಕನ್ನಡವು ಯೂನಿಕೋಡ್ (ಎಲ್ಲ ಕಂಪ್ಯೂಟರ್‌ಗಳೂ ಒಂದೇ ರೀತಿ ಓದಬಲ್ಲ ಅಕ್ಷರ ಸಂಕೇತ) ಆಗಿ ಉಳಿದಿರುವುದಿಲ್ಲ. ಇಂಗ್ಲಿಷ್ ಅಕ್ಷರಗಳಿಗೆ ಮೀಸಲಾದ ಸಂಕೇತಗಳ ಮೇಲೆ ನುಡಿ ಫಾಂಟ್ ಕನ್ನಡದ ರೂಪಗಳನ್ನು ಕೂರಿಸಿರುತ್ತದೆ. ಆದ್ದರಿಂದ ಆ ಫಾಂಟ್ ಇಲ್ಲದ ವ್ಯವಸ್ಥೆಯಲ್ಲಿ ನಿಮ್ಮ ಬರಹ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತದೆ. ವಿಂಡೋಸ್ 10 ಇರುವಾಗಲೇ ಎಲ್ಲವನ್ನೂ ಪರಿವರ್ತಕ ತಂತ್ರಾಂಶದಿಂದ ಯೂನಿಕೋಡ್‌ಗೆ ತನ್ನಿ. ಒತ್ತಕ್ಷರ, ಅರ್ಕಾವತ್ತುಗಳಲ್ಲಿ ತಪ್ಪು ನುಸುಳುವ ಸಾಧ್ಯತೆಯಿರುವುದರಿಂದ ಒಮ್ಮೆ ಓದಿ ತಿದ್ದಿ. ಮೂಲ ಕಡತ, ಪರಿವರ್ತಿತ ಕಡತ, ನುಡಿ ಫಾಂಟ್‌ಗಳು ಈ ಮೂರರ ಪ್ರತಿಗಳೂ ಬೇರೊಂದು ಡಿಸ್ಕ್‌ನಲ್ಲಿರಲಿ, ಆ ಡಿಸ್ಕನ್ನು ಮತ್ತೊಂದು ಕಂಪ್ಯೂಟರ್‌ನಲ್ಲಿ ತೆರೆದು ನೋಡುವವರೆಗೆ ನಿಮ್ಮ ಯಂತ್ರವನ್ನು ಅಂಗಡಿಗೆ ಒಪ್ಪಿಸಬೇಡಿ.